ಉತ್ತರದ ಗೋಡೆಯ ಜಾಲರಿ

ಬಾಗಿಲಲ್ಲೇ ನೀಲಿ ಪ್ಲಾಸ್ಟಿಕ್ ಚೀಲ ಕೊಟ್ಟರು, ಬೂಟಿನ ಮೇಲೆ ಹಾಕಿಕೊಳ್ಳಲು.
ಆಪರೇಷನ್ ಮಾಡಲು ಹೊರಟವರ ಹಾಗೆ ಸರಬರ ಸದ್ದಿನೊಂದಿಗೆ
ಒಳಗೆ ಹೋದೆವು, ನಲವತ್ತು ಮಂದಿ,
ಹೋದ ವರ್ಷ ಹನ್ನೊಂದರಲ್ಲಿ ಒಂಬತ್ತು ಸೋತ
ಪ್ಲ್ಯಾಟ್ ನದಿ ದಂಡೆಯ ಕಾಲೇಜು ತಂಡದ ಅಭಿಮಾನಿಗಳು.

"ಹಾಸಿನ ಮೇಲಿನ ಕೊಕ್ಕರೆಯನ್ನು ಯಾರೂ ತುಳಿಯಬೇಡಿ," ಎಂದಳು
ದಾರಿ ತೋರಿಸುವ ಹುಡುಗಿ.
ತುಳಿಯಲಿಲ್ಲ. ಗೋಡೆಗೆ ಬೆನ್ನು ಸವರಿಕೊಂಡೇ ಸುತ್ತಿದೆವು.
ರಾಸ್ಕೋನ ಮೊಮ್ಮಗಳು ಮಾತ್ರ, ಮೂರು ವರ್ಷದವಳು,
ನೆಟ್ಟಗೆ ಹೋಗಿ ಕೊಕ್ಕಿನ ಮೇಲೆ ಕೂತು
ಕಾಲಿನ ಚೀಲ ಕಿತ್ತು ತಲೆಗೆ ಹಾಕಿಕೊಂಡಳು.

ಒಂದೊಂದು ಕಪಾಟೂ ಒಂದೊಂದು ಮನೆ.
ಫೋನಿಗೆ ಕರೆಂಟು, ಹೆಲ್ಮೆಟ್ಟಿಗೆ ದೀಪ,
ಬೂಟು ಒಣಗಿಸುವ ಡ್ರಾಯರು,
ನೆತ್ತಿಯಲ್ಲೊಂದು ಫ್ಯಾನು: ನಾತವನ್ನು ಹುಟ್ಟುವ ಮೊದಲೇ ಹೀರಿ
ಕೊಳವೆಯಲ್ಲಿ ಆಚೆಗೆ ಸಾಗಹಾಕುತ್ತದಂತೆ.
ಕ್ಷೌರದ ಕುರ್ಚಿ ಎರಡು. ಮಂಜುನೀರಿನ ತೊಟ್ಟಿ.
"ನನ್ನ ಅಡುಗೆಮನೆಗಿಂತ ದೊಡ್ಡದು," ಎಂದಳು ಮಾವಿಸ್, ಕಪಾಟಿನೊಳಗೇ ನಿಂತು.
"ಇಷ್ಟು ಕೊಟ್ಟರೆ ನಾನೂ ಗೆಲ್ಲುತ್ತೇನೆ," ಎಂದ
ಎರಡೂ ಮಂಡಿ ಬದಲಾಯಿಸಿಕೊಂಡ ಡ್ವೇನ್.
"ಕುಣಿಯಲಾರದವರು ಇನ್ನು ನೆಲ ಡೊಂಕು ಅನ್ನುವ ಹಾಗಿಲ್ಲ," ಎಂದೆ ನಾನು.
ಯಾರೋ ನಕ್ಕರು. ಹುಡುಗಿ ನಗಲಿಲ್ಲ.
ಕಟ್ಟಡದ ಖರ್ಚು ಅವಳಿಗೆ ಬಾಯಿಪಾಠ.

ಲೇಲಂಡ್ ವರ್ಬ್ಕಾ ಮಾತಾಡಲಿಲ್ಲ.
ಎಪ್ಪತ್ತೊಂದರಲ್ಲಿ ಎಡಗಡೆ ಟ್ಯಾಕಲ್ ಆಡಿದವನು.
ಹಳೆಯ ಕೋಣೆಯಲ್ಲಿ ಅವನಿಗಿದ್ದದ್ದು ಒಂದು ಮೊಳೆ,
ಅದೂ ಪಾಲಿನ ಮೇಲೆ,
ಈಗ ಗ್ರ್ಯಾಂಡ್ ಐಲೆಂಡಿನಲ್ಲಿ ಹಲ್ಲು ಕೀಳುವ ಒಬ್ಬನ ಜೊತೆ.
ಮೂಗು ಮುಂದೆ ಮಾಡಿಕೊಂಡು ಕಪಾಟಿನಿಂದ ಕಪಾಟಿಗೆ ಹೋದ,
ಯಜಮಾನ ಮನೆ ಬದಲಾಯಿಸಿದ್ದು ತಿಳಿಯದ ನಾಯಿಯ ಹಾಗೆ.
ಕೊನೆಗೆ ನನ್ನ ಕಿವಿಯ ಹತ್ತಿರ:
"ಏನೂ ಇಲ್ಲ. ಹೊಸ ಕಾರಿನ ವಾಸನೆ."

ನನಗೆ ನನ್ನದೇ ಕೆಲಸವಿತ್ತು. ಐವತ್ತೆಂಟನೆಯ ಕಪಾಟು.
ಇನ್ನೂರೈವತ್ತು ಡಾಲರು ಕೊಟ್ಟರೆ ಹಿತ್ತಾಳೆಯಲ್ಲಿ ಹೆಸರು ಎಂದು
ಕಾಗದ ಬಂದಿತ್ತು, ಎಲ್ಡನ್ ತೀರಿಕೊಂಡ ಚಳಿಗಾಲ.
ಶಾಲಾ ಬಸ್ಸಿನ ಓವರ್‌ಟೈಮ್ ದುಡ್ಡಿತ್ತು. ಕೊಟ್ಟೆ.
ಕಣ್ಣಿನ ಮಟ್ಟಕ್ಕೆ ಇರುತ್ತದೆ ಅಂದುಕೊಂಡಿದ್ದೆ.
ಕಣ್ಣಿನ ಮಟ್ಟಕ್ಕೆ ಬ್ಯಾಂಕು,
ಎದೆಯ ಮಟ್ಟಕ್ಕೆ ಟ್ರ್ಯಾಕ್ಟರ್ ಡೀಲರು.
ಮೊಣಕಾಲೂರಿ ಬೂಟಿನ ಡ್ರಾಯರು ಎಳೆದರೆ
ಅದರ ಹಿಂದೆ, ಬೆರಳಗಲ:
ಎಲ್ಡನ್ ಪೊಸ್ಪಿಶಿಲ್. ಸಾಲು ಮೂವತ್ತೆರಡು, ಸೀಟು ಹದಿನಾಲ್ಕು.
"ಏನಾದರೂ ಬಿತ್ತೇ ಮೇಡಂ?"
"ಓಲೆ," ಎಂದೆ.
ನಾನು ಓಲೆ ಹಾಕುವವಳೇ ಅಲ್ಲ.

ಸಿಟ್ಟು ಬರಬೇಕಿತ್ತು. ಡ್ರಾಯರು ಮುಚ್ಚುವಾಗ ಬೇರೇನೋ ಹೊಳೆಯಿತು:
ಯಾವನೋ ಹತ್ತೊಂಬತ್ತರ ಹುಡುಗ ಸೋತು ಬಂದು
ಒದ್ದೆ ಕಾಲುಚೀಲವನ್ನು ಈ ಹೆಸರಿನ ಮುಖಕ್ಕೇ ಎಸೆಯುತ್ತಾನೆ, ವಾರ ವಾರ.
ಸಾಲು ಮೂವತ್ತೆರಡರಿಂದ ಚೆಂಡೇ ಸರಿಯಾಗಿ ಕಾಣುತ್ತಿರಲಿಲ್ಲ.
ಎಲ್ಡನ್‌ಗೆ ಇಷ್ಟು ಹತ್ತಿರದ ಸೀಟು
ಬದುಕಿದ್ದಾಗ ಸಿಕ್ಕಿರಲಿಲ್ಲ.

ಸೆಪ್ಟೆಂಬರಿನ ಮೊದಲ ಶನಿವಾರ. ಮೂವತ್ತೊಂದಕ್ಕೆ ಆರು.
ಆರು ನಮ್ಮದು.
ಕಾರು ನಿಲ್ಲಿಸಿದ್ದು ಉತ್ತರದ ಗೋಡೆಯ ಹಿಂದೆ, ಕಸದ ಡಬ್ಬಗಳ ಪಕ್ಕ.
ಅಲ್ಲಿ ಲೇಲಂಡ್, ಟೋಪಿ ಕೈಯಲ್ಲಿ ಹಿಡಿದು,
ತಲೆಯ ಮೇಲಿನೊಂದು ಜಾಲರಿಗೆ ಮುಖವೊಡ್ಡಿ ನಿಂತಿದ್ದ.
ಒಳಗೆ ನೂರೆರಡು ಫ್ಯಾನುಗಳು ಹೀರಿದ್ದೆಲ್ಲ
ಒಂದೇ ಕೊಳವೆಯಲ್ಲಿ ಬಂದು ಇಲ್ಲಿ ಸುರಿಯುತ್ತಿತ್ತು, ಬೆಚ್ಚಗೆ:
ಬೆವರು, ಕಿತ್ತ ಹುಲ್ಲು, ನೋವಿನ ಮುಲಾಮು, ಹಸಿ ತೊಗಲು,
ಇನ್ನೂ ಏನೋ, ಉಪ್ಪುಪ್ಪಾಗಿ,
ಹುಡುಗರು ಯಾರಿಗೂ ತೋರಿಸದೆ ಒಳಗೆ ಬಿಟ್ಟದ್ದು.

"ಬಂತು," ಎಂದ, ಕಣ್ಣು ತೆರೆಯದೆ.

ನಾನೂ ಪಕ್ಕಕ್ಕೆ ಹೋದೆ.
ಒಂದೇ ಮೊಳೆ ಹಂಚಿಕೊಂಡು ರೂಢಿಯಿದ್ದವನು,
ಸ್ವಲ್ಪ ಸರಿದು ಜಾಗ ಬಿಟ್ಟ.