ಬಕೆಟ್ಟಿನ ಲೆಕ್ಕ

ಒಂಬತ್ತರ ವಾರ್ತೆ ಮುಗಿಯುವ ಮೊದಲೇ
ರೇಡಿಯೋದ ಕಿವಿ ಹಿಂಡಿ ಏಳುತ್ತಾಳೆ ಹೆಲ್ವೆ.
ಎಸ್ಟೋನಿಯಾದ ತೆಂಕಣ ಮೂಲೆ;
ಗಡಿ ಇಲ್ಲಿಂದ ನಲವತ್ತು ಕಿಲೋಮೀಟರು.
ಅಡಿಗೆಮನೆಯ ಗೋಡೆಗೆ ಸರ್ಕಾರದ ಪಟ್ಟಿ:
ತಲೆಗಿಷ್ಟು ನೀರು, ಬೆಂಕಿಪೊಟ್ಟಣ, ಬ್ಯಾಟರಿ, ವಾರದ ಔಷಧಿ.
ಎಲ್ಲ ತಂದಿಟ್ಟಿದ್ದಾಳೆ. ಆಮೇಲೂ ನಿದ್ದೆಯಿಲ್ಲ.
ನಿದ್ದೆ ಪಟ್ಟಿಯಲ್ಲಿರಲಿಲ್ಲ.

ಹೊರಗೆ ಏಪ್ರಿಲ್ಲಿನ ಮೊದಲ ಬೆಚ್ಚನೆ ಮಳೆ.
ಬೆಚ್ಚನೆ ಅಂದರೆ ಇಲ್ಲಿ ಆರು ಡಿಗ್ರಿ.
ಬರ್ಚ್ ಮರಗಳ ಬುಡದಲ್ಲಿ ಹಳೆಯ ಹಿಮ
ತೊಳೆಯದ ಪಾತ್ರೆಯ ಹಾಗೆ ಬಿದ್ದಿದೆ.
ಇಂಥ ರಾತ್ರಿಗೇ ಕಾಯುತ್ತವೆ ನೆಲಗಪ್ಪೆಗಳು,
ತರಗೆಲೆಯಡಿಯಿಂದ ಅರೆನಿದ್ದೆಯಲ್ಲೆದ್ದು
ಹುಟ್ಟಿದ ಕೆರೆಗೇ ಹೊರಡುತ್ತವೆ.
ನಡುವೆ ಡಾಂಬರು ರಸ್ತೆ ಬಂದದ್ದು
ಅವುಗಳ ಮುತ್ತಜ್ಜಿಯ ಕಾಲದಲ್ಲಿ.
ಇನ್ನೂ ಯಾರೂ ಹೇಳಿಲ್ಲ ಅವಕ್ಕೆ.

ಶಾಲೆಯ ಅಡಿಗೆಮನೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಹುಳಿಹಾಕಿದ ಎಲೆಕೋಸು ಹೊತ್ತ ಬಿಳಿ ಬಕೆಟ್ಟು,
ಹಣೆಗೊಂದು ದೀಪ, ಮೈಗೆ ಮಿಂಚುವ ಹಳದಿ ಅಂಗಿ.
ತಿರುವಿನಲ್ಲಿ ಯೂಲೋ ಆಗಲೇ ನಿಂತಿದ್ದಾನೆ,
ಕಿವಿಯ ಯಂತ್ರ ನೆನೆದೀತೆಂದು ಮನೆಯಲ್ಲಿಟ್ಟು.
ಲಾರಿ ಬಂದರೆ ಅವನ ತೋಳು ಹಿಡಿದೆಳೆಯಲು ಒಬ್ಬರು ಬೇಕು:
ಅದಕ್ಕೆ ಒಲೆಸ್ಯಾ, ಹೋದ ವರ್ಷದಿಂದ.
ಅವಳ ಊರಿನ ಹೆಸರು ವಾರ್ತೆಯಲ್ಲಿ ಬಂದ ದಿನ
ಇವರಿಬ್ಬರೂ ತಮ್ಮ ಬೂಟಿನ ಕೆಸರು ನೋಡುತ್ತಾರೆ.
ಮೂವರಿಗೂ ಒಟ್ಟಾಗಿ ಬರುವುದು ಅಂಕಿ ಮಾತ್ರ,
ನೂರರ ಮೇಲೆ ಅದೂ ತೊದಲು.

ಕೈಗೆತ್ತಿಕೊಂಡರೆ ತಣ್ಣಗೆ, ಭಾರವಾಗಿ,
ನಾದಿ ಮರೆತುಬಿಟ್ಟ ಹಿಟ್ಟಿನ ಹಾಗೆ.
ಗಂಟಲೊಂದು ಮಿಡಿಯುತ್ತಿರುತ್ತದೆ ಅಷ್ಟೆ.
ಹೆಣ್ಣಿನ ಬೆನ್ನೇರಿದ ಗಂಡನ್ನು ಬಿಡಿಸದೆ
ಜೋಡಿಯನ್ನೇ ಎತ್ತುತ್ತಾಳೆ. ಲೆಕ್ಕಕ್ಕೆ ಎರಡು.
ಒಂದೇ, ಅನ್ನುತ್ತಾನೆ ಯೂಲೋ, ನಡೆಯುತ್ತಿರುವುದು ಒಂದೇ ತಾನೆ?
ಪ್ರತಿ ವಸಂತದಲ್ಲೂ ಇದೇ ಜಗಳ.

ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಗಾದೆ
ಹೆಲ್ವೆ ಕೇಳಿದವಳಲ್ಲ.
ಹಗಲೆಲ್ಲ ಅವಳ ತಲೆಯಲ್ಲಿ ನಡೆದದ್ದು ಮಾತ್ರ ಅದೇ:
ಒಂದು ಸುದ್ದಿ ಇಟ್ಟರೆ ಇನ್ನೊಂದು ಹಾರಿತು,
ಅದನ್ನು ಹಿಡಿಯಹೋದರೆ ಮೊದಲಿನದೂ ಇಲ್ಲ,
ಡ್ರೋನು, ಧಗೆ, ಬ್ರೆಡ್ಡಿನ ಬೆಲೆ, ಯಾವುದೋ ದೊರೆಯ ನಾಲಗೆ,
ತಟ್ಟೆ ಒಂದು ಗಳಿಗೆ ನೆಟ್ಟಗೆ ನಿಲ್ಲಲಿಲ್ಲ.
ನಿಜದ ಕಪ್ಪೆಗಳೋ, ನೋಡಿ, ಬಕೆಟ್ಟಿನ ತಳದಲ್ಲಿ
ಒಂದರ ಮೇಲೊಂದು ಕಾಲಿಟ್ಟು ಸುಮ್ಮನೆ ಕೂತಿವೆ.

ಹನ್ನೊಂದೂವರೆಗೆ ಬಂದವು ಹಸಿರು ಲಾರಿಗಳು,
ಹೊದಿಕೆಯಡಿ ಏನಿತ್ತೋ, ಗಡಿಯ ಕಡೆಗೆ.
ಒಲೆಸ್ಯಾ ಯೂಲೋನ ತೋಳು ಹಿಡಿದಳು,
ಹಿಡಿದೇ ಇದ್ದಳು.
ಹದಿನಾಲ್ಕು. ಅಭ್ಯಾಸಬಲ, ಮೂವರೂ ಎಣಿಸಿದ್ದರು.
ರಸ್ತೆ ಮತ್ತೆ ಕತ್ತಲಾದಾಗ
ದೀಪದ ಬೆಳಕಿಗೆ ಸಿಕ್ಕದ್ದನ್ನು ನಾನು ವರ್ಣಿಸಲಾರೆ.
ಯೂಲೋ ಸಲಿಕೆ ತಂದ. ಹೆಲ್ವೆಯ ಕೈ ನಡುಗಿ
ಬಕೆಟ್ಟಿನ ಹಿಡಿ ಕಿಣಿಕಿಣಿ ಅಂದಿತು.
ಏನು ಸಾರ್ಥಕ, ಎಂದಳು, ತನ್ನ ಭಾಷೆಯಲ್ಲಿ.
ಒಲೆಸ್ಯಾಗೆ ತಿಳಿಯಲಿಲ್ಲ, ಅಥವಾ ತಿಳಿಯಿತು;
ಕುಕ್ಕರಗಾಲಲ್ಲಿ ಕೂತು, ಹಿಂಗಾಲೆಳೆಯುತ್ತಿದ್ದ ಒಂದನ್ನು
ಎರಡೂ ಅಂಗೈಯಲ್ಲಿಟ್ಟುಕೊಂಡು
ಕೆರೆಯ ಕಡೆ ಇಳಿದಳು.
ಅತ್ತಲಿಂದ ಕೇಳಿಸಿತು: ನೂರ ಹದಿನೆಂಟು.

ಒಂದು ಗಂಟೆಗೆ ಮನೆ. ಪುಸ್ತಕದಲ್ಲಿ ಪೆನ್ಸಿಲ್ಲಿಂದ
ಇನ್ನೂರ ನಾಲ್ಕು; ಪಕ್ಕದಲ್ಲಿ, ನ್ಯಾಯಕ್ಕೆ,
ಯೂಲೋ ಲೆಕ್ಕದಲ್ಲಿ ನೂರ ಎಪ್ಪತ್ತೊಂದು.
ಸತ್ತವುಗಳಿಗೊಂದು ಕಾಲಂ ಉಂಟು. ಅದನ್ನೂ ತುಂಬಿದಳು.
ನಿದ್ದೆ ಬಂತೆಂದು ಹೇಳಲಾರೆ. ಕಾಲು ನೋಯುತ್ತಿತ್ತು,
ಆ ನೋವಿಗೆ ಒಂದು ಜಾಗವಿತ್ತು.

ಬೆಳಗ್ಗೆ ಬಕೆಟ್ಟು ತೊಳೆಯಹೋದರೆ
ತಳದಲ್ಲಿ, ಎಲೆಯೊಂದರಡಿ, ತಾಮ್ರದ ಎರಡು ಕಣ್ಣು.
ರೇಡಿಯೋ ಹಾಕದೆ, ರಾತ್ರಿಯಂಗಿಯ ಮೇಲೇ ಕೋಟು ಹೊದ್ದು
ರಬ್ಬರು ಬೂಟಿನಲ್ಲಿ ಕೆರೆಗೆ ಹೊರಟಳು,
ಇದನ್ನು ನಿನ್ನೆ ಎಣಿಸಿದ್ದೆನೋ ಇಲ್ಲವೋ
ಎಂದು ದಾರಿಯುದ್ದಕ್ಕೂ ಯೋಚಿಸುತ್ತ.