ಸುಳ್ಳು ಮಳೆ

ನಮ್ಮ ಜಮೀನಿನ ಕಾಗದವನ್ನು ಗೆದ್ದಲು ತಿಂದಿತು.
ಒಂದೇ ದಿನಕ್ಕಲ್ಲ; ನಿಧಾನ, ಓದುತ್ತ ಹೋದಂತೆ,
ಅಂಚಿನಿಂದ ಹಿಡಿದು ಸಾಕ್ಷಿಗಳ ರುಜು ದಾಟಿ
ತಾತನ ಹೆಬ್ಬೆಟ್ಟಿನ ತನಕ.
ಪೆಟ್ಟಿಗೆ ತೆರೆದರೆ ಮೊಹರಿನ ಅರ್ಧಚಂದ್ರ,
ಒಂದು ಹಿಡಿ ಕೆಮ್ಮಣ್ಣು.

ಜಜ್ಜ ಬೈಯಲಿಲ್ಲ.
ಮಸಾಕಾದ ಕಡೆ ಅಜ್ಜಿಗೆ ಜಜ್ಜ ಅನ್ನುತ್ತೇವೆ.
"ವರ್ಷಕ್ಕೆರಡು ಸಲ ನಾವು ಅವನ್ನು ಹುರಿದು ತಿನ್ನುವುದಿಲ್ಲವೆ?
ಲೆಕ್ಕ ಚುಕ್ತಾ."

ಅವಳು ಹಾಗೆಯೇ.
ಬೀಗದ ಕಣ್ಣಿಗೆ ಕಣಜ ಮಣ್ಣು ಮೆತ್ತಿದಾಗ
ಮರಿ ಹಾರುವ ತನಕ ಬಾಗಿಲಿಗೆ ಹಗ್ಗ ಕಟ್ಟಿದ್ದಳು.
ಒಮ್ಮೆ ನಡುರಾತ್ರಿ ದಂಡಿರುವೆ ನುಗ್ಗಿ
ಹಾಸಿಗೆ ಸಮೇತ ನಾವು ಅಂಗಳಕ್ಕೆ ಬಿದ್ದೆವು.
ಬೆಳಗಾದರೆ ಒಳಗೆ ಒಂದು ಜಿರಲೆಯಿಲ್ಲ, ಇಲಿಮರಿಯಿಲ್ಲ.
"ನೋಡು, ಬಾಡಿಗೆ ಕೊಟ್ಟು ಹೋಗಿವೆ."

ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಬರಬೇಕಲ್ಲ,
ಬಂತು, ಬೂಟು ಹಾಕಿಕೊಂಡು:
ಮುತೆಸಾಸಿರ, ಆಚೆ ತೋಟದವನು.
ಬಾಳೆಸಾಲಿನಿಂದ ಹುತ್ತದವರೆಗೂ ತನ್ನದೇ ಅಂತೆ.
ಕಾಗದ ತೋರಿಸಿ, ಅಂದ.

ಪಂಚಾಯಿತಿ ಸೇರಿತು. ಜಜ್ಜ ಕೇಳಿದ್ದು ಒಂದೇ ಮಾತು:
"ಈ ಹುತ್ತ ಬಾಯಿ ಬಿಡುವುದು ಎಷ್ಟು ಹೊತ್ತಿಗೆ?"
"ರಾತ್ರಿ," ಅಂದನವನು. "ಎಲ್ಲ ಹುತ್ತವೂ ರಾತ್ರಿಯೇ."
"ನಾಲ್ಕು ಗಂಟೆಗೆ," ಅಂದಳು ಜಜ್ಜ,
"ಶಾಲೆ ಮಕ್ಕಳು ಹಸಿದು ಬರುವ ಹೊತ್ತಿಗೆ.
ಬಡಗಣ ಬಾಯಿ ಮೊದಲು."

ಗೂಟ ನೆಟ್ಟು, ತೊಗಟೆಬಟ್ಟೆ ಹೊದಿಸಿ
ಎರಡು ಕಡ್ಡಿ ಹಿಡಿದು ಕೂತಳು, ಮಳೆ ಬಡಿಯಲು.
ಮೊದಲು ಗುಡ್ಡದಾಚೆಯ ಮಳೆ, ಬರೀ ಬೆರಳ ತುದಿಯಲ್ಲಿ.
ಆಮೇಲೆ ತಗಡಿನ ಮಳೆ, ಬಾಳೆಯೆಲೆಯ ಮಳೆ.
ನಾಲ್ಕಾಯಿತು. ನಾಲ್ಕೂವರೆ.
ಮುತೆಸಾಸಿರ ಹಲ್ಲು ಕಡ್ಡಿ ಮುರಿದು ನಕ್ಕ.
ಅವಳ ಮಣಿಕಟ್ಟು ಸೋತು ತಾಳ ತಪ್ಪಿತು,
ಒಂದು ಪೆಟ್ಟು ಇಲ್ಲಿ, ತುಸು ಬಿಟ್ಟು ಇನ್ನೊಂದು ಅಲ್ಲಿ,
ನಿಜವಾದ ಮಳೆಗೆ ಎಲ್ಲಿದೆ ತಾಳ?

ಬಡಗಣ ಬಾಯಲ್ಲಿ ದಪ್ಪತಲೆಯ ಕಾವಲುಗಾರನೊಂದು
ಹೊರಬಂದು ನಿಂತಿತು.
ಒಂದು ಮೋಡವೂ ಇರಲಿಲ್ಲ.
ನಂಬಿತೋ, ಕನಿಕರಪಟ್ಟಿತೋ,
ಹಿಂದಿನಿಂದ ರೆಕ್ಕೆಗಳು ಉಕ್ಕಿದವು.
ಮೊದಲ ಹಿಡಿಯನ್ನು ಅಧ್ಯಕ್ಷರೇ ಹಸಿಯಾಗಿ ತಿಂದು
ಬಾಯಿ ಒರೆಸಿ, ಹೊಸ ಕಾಗದ ಬರೆಸಿದರು.

ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟು
ಡಬ್ಬಿಯ ಸುತ್ತ ಸೀಮೆಎಣ್ಣೆ ಸುರಿದೆ, ನಾನು.
ಜಜ್ಜ ನೋಡಿ ಸುಮ್ಮನಾದಳು.

ಆ ರಾತ್ರಿ ಟಪ ಟಪ ಸದ್ದಿಗೆ ಎಚ್ಚರವಾಗಿ
ಹಗ್ಗದ ಮೇಲಿನ ಬಟ್ಟೆ ನೆನಪಾಗಿ ಓಡಿದೆ.
ಅಂಗಳದ ತುಂಬ ನಕ್ಷತ್ರ, ಒಣ ನೆಲ.
ಒಳಗೆ ಬಂದು ಗೋಡೆಗೆ ಕಿವಿ ಇಟ್ಟರೆ
ಅಲ್ಲಿ, ಗಾರೆಯ ಹಿಂದೆ, ಸುರಿಯುತ್ತಿತ್ತು.

ಕತ್ತಲಲ್ಲಿ ಜಜ್ಜ
ಕೆಮ್ಮು ಬರುವ ತನಕ ನಕ್ಕಳು.