ನಲವತ್ತೇಳನೇ ಟ್ಯೂಬು

ಶೆವಂತಾ ತಾಂಡೇಲ, ಚಿತ್ತಾಕುಲ, ಐವತ್ತೆಂಟು.
ನರ ಸಿಗುವುದಿಲ್ಲ. ಎಡಗೈಯಲ್ಲಿ ಎರಡು ಸಲ ತಪ್ಪಿದೆ.
'ಕಾಲಲ್ಲಿ ಹುಡುಕು' ಅಂದಳು,
'ನಾವು ಬಳಚು ಹುಡುಕೋದು ಹಾಗೇ.
ಕಾಳಿಯ ಕೆಸರಲ್ಲಿ ಕಣ್ಣಿಗೇನು ಕೆಲಸ?
ಹೆಬ್ಬೆರಳು ನೋಡ್ತದೆ.'
ನಗುತ್ತ ಬಲಗೈ ಚಾಚಿದಳು.
ಹತ್ತು ಎಂಎಲ್.

ಏನು ನೋಡ್ತೀರಿ ಇದರಲ್ಲಿ?
ಎಕ್ಸೋಸೋಮ್, ಅಂದೆ.
ಆ ಹೆಸರು ಆಸ್ಪತ್ರೆಯ ಗೋಡೆಗೆ ತಾಗಿ
ನನಗೇ ವಾಪಸು ಬಂತು.
ಮತ್ತೆ ಹೇಳಿದೆ:
ಮೈಯ ಒಂದೊಂದು ಕಣವೂ
ತನ್ನದೇ ಪೊರೆಯ ಚೂರಲ್ಲಿ ಸುತ್ತಿ
ಒಳಗಿನದನ್ನು ಒಂದಿಷ್ಟು ಹೊರಗೆ ಉಗುಳುತ್ತದೆ.
ಮೊದಮೊದಲು ಕಸ ಅಂದುಕೊಂಡಿದ್ದರು,
ಹಿತ್ತಲ ಚಿಪ್ಪಿನ ರಾಶಿಯ ಹಾಗೆ.

'ಕಸ ಯಾಕೆ?' ಅವಳಿಗೆ ಸಿಟ್ಟೇ ಬಂತು.
'ಸುಣ್ಣದ ಗೂಡಿನವರು ಚೀಲಕ್ಕಿಷ್ಟು ಅಂತ ಕೊಟ್ಟು ಒಯ್ತಾರೆ.
ಚಿಪ್ಪು ಕೈಗೆ ಕೊಡು,
ಯಾವ ದಡದ್ದು, ಆ ವರ್ಷ
ಹೊಳೆಗೆ ಉಪ್ಪು ಎಲ್ಲಿವರೆಗೆ ಏರಿತ್ತು, ಹೇಳ್ತೇನೆ.'

ಹೌದು. ನಾವೂ ಅಷ್ಟನ್ನೇ ಓದಲು ಹೊರಟವರು.
ಹೊಟ್ಟೆಯ ಹಿಂದೆ, ಬೆನ್ನಿಗೊರಗಿ ಕೂತ ಮೇದೋಜೀರಕ
ಸ್ಕ್ಯಾನಿಗೆ ಮುಖ ಕೊಡುವಷ್ಟರಲ್ಲಿ ತಡವಾಗಿರುತ್ತದೆ.
ಅದು ಉಗುಳಿದ್ದು ಮಾತ್ರ ಮೊದಲೇ
ರಕ್ತದಲ್ಲಿ ತೇಲುತ್ತಿರುತ್ತದೆ, ಸಿಕ್ಕರೆ.
ಸಿಕ್ಕರೆ ಅನ್ನುವುದನ್ನು ಎರಡು ಸಲ ಹೇಳಿದೆ.

ಒಂದನ್ನು ಹೇಳಲಿಲ್ಲ:
ಗಡ್ಡೆ ಇವನ್ನೇ ಮುಂದಾಗಿ ಕಳಿಸುತ್ತದೆ ಯಕೃತ್ತಿಗೆ,
ತಾನು ಬರುವ ಮೊದಲು ನೆಲ ಹದ ಮಾಡಲು.
ಅವಳು ಎಲ್ಲಿಂದಲೋ ಶುರು ಮಾಡಿದಳು:
'ಅರಗದಲ್ಲಿ ನಮ್ಮ ಮನೆ ಇದ್ದಾಗ
ಮೊದಲು ಬಂದವರು ಇಬ್ಬರೇ.
ಕೈಯಲ್ಲಿ ಸರಪಳಿ, ಸುಣ್ಣ ಹಚ್ಚಿದ ನಾಲ್ಕು ಕಲ್ಲು.
ಬಿಸಿಲಿತ್ತು. ಆಯಿ ಅವರಿಗೆ ಚಾ ಮಾಡಿಕೊಟ್ಟಳು.
ಯುದ್ಧದ ಹಡಗು ಬಂದದ್ದು ಎಷ್ಟೋ ವರ್ಷಕ್ಕೆ.'

ಟ್ಯೂಬನ್ನು ಮೆಲ್ಲಗೆ ಮಗುಚುತ್ತ ನಿಂತೆ,
ಎಂಟು ಸಲ, ನಿಯಮದ ಪ್ರಕಾರ.

'ಮದ್ದು?'
ಅದೇ ಪೊಟ್ಟಣದೊಳಗೆ ಮದ್ದು ತುಂಬಿ
ಗಡ್ಡೆಯ ಬಾಗಿಲಿಗೇ ಕಳಿಸಲು ನೋಡುತ್ತಿದ್ದಾರೆ.
ಮೈ ಅದನ್ನು ಪರಕೀಯ ಅನ್ನುವುದಿಲ್ಲ, ಬಹುಮಟ್ಟಿಗೆ.
ಎಲ್ಲೋ ಪರೀಕ್ಷೆ ನಡೆದಿದೆ. ಇಲ್ಲಲ್ಲ.
ಅವಳು ಸಂಚಿ ಬಿಚ್ಚಿದಳು. ಎಲೆಯ ಬೆನ್ನಿಗೆ ಸುಣ್ಣ ಸವರಿ
'ಇದೂ ನಾವು ಎಸೆದ ಚಿಪ್ಪೇ' ಅಂದಳು.
ವಾರ್ಡಿನಲ್ಲಿ ಎಲೆ ಹಾಕಬಾರದು.
ನಾನು ಕಿಟಕಿ ಕಡೆ ನೋಡಿದೆ.

'ರಿಪೋರ್ಟು ಯಾವಾಗ?'
ನಿಮಗೆ ರಿಪೋರ್ಟಿಲ್ಲ, ಇದು ಅಧ್ಯಯನ.
ಸಹಿ ಹಾಕಿಸುವಾಗಲೂ ಹೇಳಿದ್ದೆ.
ಹೆಸರೂ ಹೋಗುವುದಿಲ್ಲ. ನಂಬರು ಮಾತ್ರ: ನಲವತ್ತೇಳು.
'ಚೀಲದ ಮೇಲೂ ನಂಬರೇ ಬರೀತಾರೆ' ಅಂದಳು,
'ಆದರೆ ಅವರು ದುಡ್ಡು ಕೊಡ್ತಾರೆ.'

ಸಂಜೆ ಗೋವೆಯ ಬಸ್ಸು. ತೊಡೆಯ ಮೇಲೆ ಐಸ್ ಪೆಟ್ಟಿಗೆ.
ಕೆಂಪು ತಳಕ್ಕಿಳಿದು ಮೇಲುಳಿದ
ಒಣಹುಲ್ಲಿನ ಬಣ್ಣದ ತಿಳಿ ಅದರೊಳಗೆ.
ಪಕ್ಕದವನು ಮೂಗು ಮುಚ್ಚಿಕೊಂಡ, ಮೀನೆಂದು.

ಸೇತುವೆಯ ಕೆಳಗೆ ಇಳಿತ.
ಸೊಂಟದವರೆಗಿನ ನೀರಲ್ಲಿ ಹೆಂಗಸರು
ಬುಟ್ಟಿ ತೇಲಿಬಿಟ್ಟು
ಎಲ್ಲೋ ನೋಡುತ್ತ
ಒಂದೊಂದೇ ಹೆಜ್ಜೆ
ಕೆಸರಿಗೆ ಊರುತ್ತಿದ್ದರು.